ಹಿತ್ತಲ ಮಣ್ಣಲ್ಲಿ ಸೀಸ ಇದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಗಿಣಿಗೇರಿ, ಕೊಪ್ಪಳ ತಾಲ್ಲೂಕು): ನಮ್ಮ ಓಣಿಯಲ್ಲಿ ಮಾಳಿಗೆಯ ಮೇಲೆ, ಪಾಲಕ್ ಎಲೆಯ ಮೇಲೆ ಕಪ್ಪು ಧೂಳು ಕೂರುತ್ತದೆ. ಮಣ್ಣು ಆರೋಗ್ಯ ಚೀಟಿ ಮಾಡಿಸಿದೆವು. ಕಬ್ಬಿಣ, ಸತು ಎರಡೂ ‘ಸಾಕಷ್ಟು’ ಎಂದು ಬಂದಿದೆ. ಹಾಗಾದರೆ ಸೊಪ್ಪು ತಿನ್ನಲು ಅಡ್ಡಿಯಿಲ್ಲವಲ್ಲ?

ಉತ್ತರ: ಆ ಚೀಟಿಯಿಂದ ಅದು ತಿಳಿಯುವುದಿಲ್ಲ. ಅದರಲ್ಲಿ ನೋಡುವುದು 12 ಅಂಶ: ಪಿಎಚ್, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಆ ಪಟ್ಟಿಯಲ್ಲೇ ಇಲ್ಲ. ಸಾಲದ್ದಕ್ಕೆ ಸತು, ಕಬ್ಬಿಣಗಳನ್ನು ಅಳೆಯುವುದು ಡಿಟಿಪಿಎ ದ್ರಾವಣದಲ್ಲಿ ಬಿಟ್ಟುಕೊಳ್ಳುವ ಪಾಲನ್ನು ಮಾತ್ರ, ಅಂದರೆ ಗಿಡಕ್ಕೆ ದಕ್ಕುವಷ್ಟನ್ನು. ನಿಮಗೆ ಬೇಕಿರುವುದು ಮಣ್ಣನ್ನು ಬಿಸಿ ಆಸಿಡ್‌ನಲ್ಲಿ ಕರಗಿಸಿ ಐಸಿಪಿ ಅಥವಾ ಎಎಎಸ್ ಯಂತ್ರದಲ್ಲಿ ಅಳೆದ ಪ್ರಮಾಣ. ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ‘ಆಸಿಡ್ ಪಾಚನದ ಒಟ್ಟು ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕೆಲ್’ ಎಂದು ಬರೆದೇ ಕೊಡಿ. ಬಾಯಿಮಾತಲ್ಲಿ ‘ಲೋಹ ನೋಡಿ’ ಎಂದರೆ ಡಿಟಿಪಿಎ ಅಂಕಿಯೇ ಬಂದೀತು; ಆ ಸಣ್ಣ ಅಂಕಿಯನ್ನು ಒಟ್ಟು ಪ್ರಮಾಣದ ಮಿತಿಗೆ ಹೋಲಿಸಿ ನೆಮ್ಮದಿಯಾಗಿ ಕೂರುವವರೇ ಹೆಚ್ಚು. ಹೋಲಿಕೆಗೆ ಅಮೆರಿಕದ ಪರಿಸರ ಸಂಸ್ಥೆ ವಸತಿ ಮಣ್ಣಿಗೆ ಇಟ್ಟಿರುವ ಸೀಸದ ಮಟ್ಟ ಕೆಜಿಗೆ 200 ಮಿಲಿಗ್ರಾಂ. 2024ರ ವರೆಗೆ ಅದು 400 ಇತ್ತು.

ಪ್ರಶ್ನೆ (ಕೊಪ್ಪಳ): ಹತ್ತು ಮನೆಯವರು ಸೇರಿ ಮಣ್ಣು ಪರೀಕ್ಷೆ ಮಾಡಿಸಬೇಕೆಂದಿದ್ದೇವೆ. ಖರ್ಚು ಉಳಿಸಲು ಎಲ್ಲರ ಮಣ್ಣನ್ನೂ ಕಲಸಿ ಒಂದೇ ಮಾದರಿ ಕಳಿಸಬಹುದೇ?

ಉತ್ತರ: ಬೇಡ. ಒಂಬತ್ತು ಮನೆಯಲ್ಲಿ ಸೀಸ ಕೆಜಿಗೆ 20 ಮಿ.ಗ್ರಾಂ, ಒಂದರಲ್ಲಿ 400 ಇದೆ ಎನ್ನಿ. ಕಲಸಿದರೆ ಬರುವುದು 58. ಹತ್ತೂ ಮನೆಯವರು ಸಮಾಧಾನದಿಂದ ಮಲಗುತ್ತಾರೆ, 400 ಇದ್ದ ಮನೆಯ ಕೂಸು ಮಣ್ಣಲ್ಲೇ ಆಡುತ್ತಿರುತ್ತದೆ. ಕಲಸುವುದಿದ್ದರೆ ಒಂದೇ ಮನೆಯ ಒಂದೇ ಬಗೆಯ ಜಾಗದೊಳಗೆ ಕಲಸಿ. ಹಣ ಕಡಿಮೆಯಿದ್ದರೆ ಮನೆ ಆರಿಸಿಕೊಳ್ಳಿ: ಹಳೆಯ ಎನಾಮೆಲ್ ಬಣ್ಣದ ಬಾಗಿಲು ಕಿಟಕಿ ಇರುವುದು, ಬ್ಯಾಟರಿ ರಿಪೇರಿ ನಡೆದಿದ್ದ ಜಾಗ, ಹೆದ್ದಾರಿ ಅಂಚಿನದು, ಕಾರ್ಖಾನೆಯ ಗಾಳಿ ನೇರ ಬಡಿಯುವುದು.

ಒಂದು ಮನೆಯಲ್ಲಿ ಮೂರು ಜಾಗ ಬೇರೆ ಬೇರೆ. ಗೋಡೆಯಿಂದ ಒಂದು ಮೀಟರ್ ಒಳಗಿನ ಪಟ್ಟಿ, ತರಕಾರಿ ಮಡಿ, ಮಕ್ಕಳು ಆಡುವ ಬಯಲು. ಮಡಿಯಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು ಕಡೆ 15 ಸೆಂ.ಮೀ. ಆಳದ ಇಂಗ್ಲಿಷ್ ‘ವಿ’ ಆಕಾರದ ಗುಂಡಿ ತೋಡಿ, ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ 2 ಸೆಂ.ಮೀ. ದಪ್ಪದ ಹೋಳು ಕತ್ತರಿಸಿ. ಆಟದ ಜಾಗದಲ್ಲಿ ಮೇಲಿನ 2–3 ಸೆಂ.ಮೀ. ಮಾತ್ರ, ಮಗುವಿನ ಕೈಗೆ ಹತ್ತುವುದು ಅಷ್ಟೇ. ಸ್ಟೀಲ್ ಅಥವಾ ಪ್ಲಾಸ್ಟಿಕ್ ಸಲಿಕೆ, ಪ್ಲಾಸ್ಟಿಕ್ ಬಕೆಟ್ ಬಳಸಿ. ತಗಡಿನ ಬಕೆಟ್‌ನ ಲೇಪನದಿಂದ ಸತು ಬರುತ್ತದೆ, ಬಣ್ಣ ಹಚ್ಚಿದ ಸಲಿಕೆಯಿಂದ ಸೀಸವೂ ಬರಬಹುದು. ಬಕೆಟ್ಟಿನ ಮಣ್ಣನ್ನು ಹಾಳೆಯ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಕಲಸಿ ಮತ್ತೆ ಪಾಲು ಮಾಡಿ. ಅರ್ಧ ಕೆಜಿ ಉಳಿದಾಗ ನಿಲ್ಲಿಸಿ. ನೆರಳಲ್ಲಿ ಒಣಗಿಸಿ, ಮರದ ತುಂಡಿನಿಂದ ಹೆಂಟೆ ಒಡೆದು 2 ಮಿ.ಮೀ. ಜರಡಿ ಹಿಡಿಯಿರಿ. ಹಿತ್ತಾಳೆ ಜರಡಿ ಬೇಡ. ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ.

ಲೋಹ ಧೂಳಿನಿಂದ ಬಂತೋ, ಬಂಡೆಯಿಂದಲೇ ಇತ್ತೋ? ಇದಕ್ಕೆ ಅಗೆಯದೆ ಬಿಟ್ಟ ಒಂದು ಮೂಲೆಯಲ್ಲಿ ಎರಡು ಪದರ ತೆಗೆಯಿರಿ: 0–5 ಸೆಂ.ಮೀ. ಮತ್ತು 30–45 ಸೆಂ.ಮೀ. ಮೇಲಿನದು ಬಹಳ ಹೆಚ್ಚಿದ್ದರೆ ಮೇಲಿನಿಂದ ಬಿದ್ದದ್ದು, ಎರಡೂ ಸರಿಸುಮಾರು ಒಂದೇ ಇದ್ದರೆ ನೆಲದ ಗುಣ. ಕೆಂಪು ಮಣ್ಣಲ್ಲಿ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ಎರೆ ಮಣ್ಣಲ್ಲಿ ಕಷ್ಟ. ಬೇಸಿಗೆಯಲ್ಲಿ ಬಾಯಿಬಿಡುವ ಬಿರುಕಿನೊಳಗೆ ಮೇಲ್ಮಣ್ಣು ಉದುರಿ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಧೂಳೂ ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ಎರೆ ನೆಲದಲ್ಲಿ ಹೋಲಿಕೆಯ ಮಾದರಿಯ, ಅಂದರೆ ಧೂಳು ಬೀಳದ ಜಾಗದ ಮಣ್ಣಿನ ಮೇಲೇ ಹೆಚ್ಚು ನೆಚ್ಚಬೇಕು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಕಾರ್ಖಾನೆಗಳ ಪಡುವಣಕ್ಕೆ, ದೂರದಲ್ಲಿ ಅದನ್ನು ತೆಗೆಯಿರಿ. ಎರೆಗೆ ಎರೆ, ಕೆಂಪಿಗೆ ಕೆಂಪು, ಅದಲುಬದಲು ಬೇಡ.

ಹತ್ತು ಮಾದರಿಗೊಂದನ್ನು ಎರಡು ಪಾಲು ಮಾಡಿ ಬೇರೆ ಸಂಖ್ಯೆ ಕೊಟ್ಟು ಕಳಿಸಿ, ಪ್ರಯೋಗಾಲಯಕ್ಕೆ ಹೇಳಬೇಡಿ. ಎರಡರ ಅಂಕಿಯಲ್ಲಿ ಶೇ. 30ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ನಿಮ್ಮ ಕಲಸುವಿಕೆಯನ್ನು ಅನುಮಾನಿಸಿ, ಆಮೇಲೆ ಅವರನ್ನು.

ಪ್ರಶ್ನೆ (ರಾಯಚೂರು): ಕಾಲೇಜಿನ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ಕಿರಣ ಬಿಟ್ಟು ಲೋಹ ಅಳೆಯುವ ಕೈಯಂತ್ರ) ನಮ್ಮ ಗೋಡೆ ಪಕ್ಕದ ಮಣ್ಣಲ್ಲಿ ಆರ್ಸೆನಿಕ್ ಕೆಜಿಗೆ 40 ಮಿ.ಗ್ರಾಂ ತೋರಿಸಿತು, ಪ್ರಯೋಗಾಲಯ 8 ಎನ್ನುತ್ತದೆ. ಯಾವುದನ್ನು ನಂಬುವುದು?

ಉತ್ತರ: ಪ್ರಯೋಗಾಲಯವನ್ನು. ಗನ್ನಿನಲ್ಲಿ ಸೀಸದ ಅಂಕಿ ಎಷ್ಟಿತ್ತು ನೋಡಿ, ನೂರಾರು ಇದ್ದಿರಬೇಕು. ಆರ್ಸೆನಿಕ್ ಹೊಮ್ಮಿಸುವ ಮುಖ್ಯ ಎಕ್ಸ್-ಕಿರಣದ ಶಕ್ತಿ 10.54 ಕೆಇವಿ, ಸೀಸದ ಒಂದು ಮುಖ್ಯ ಕಿರಣದ್ದು 10.55. ಯಂತ್ರಕ್ಕೆ ಇವು ಒಂದರ ಮೇಲೊಂದು ಕೂತ ಒಂದೇ ಗುಡ್ಡ. ತಂತ್ರಾಂಶ ಅದರಿಂದ ಸೀಸದ ಪಾಲನ್ನು ಕಳೆದು ಲೆಕ್ಕ ಹಾಕುತ್ತದೆ. ಸೀಸ ಆರ್ಸೆನಿಕ್‌ಗಿಂತ ಹತ್ತು ಪಟ್ಟು ಮೀರಿದರೆ ಆ ಲೆಕ್ಕ ಅಲುಗಾಡುತ್ತದೆ. ನಮ್ಮ ಸೀಮೆಯ ಕಬ್ಬಿಣ ತುಂಬಿದ ಕೆಂಪು ಮಣ್ಣಲ್ಲಿ ಕೋಬಾಲ್ಟ್‌ಗೂ ಇದೇ ಪಾಡು. ಕ್ಯಾಡ್ಮಿಯಂ ಅಂತೂ ಗನ್ನಿಗೆ ಕಾಣುವ ಹೊತ್ತಿಗೆ ಕೆಜಿಗೆ 10 ಮಿ.ಗ್ರಾಂ ಆಸುಪಾಸು ಆಗಿರುತ್ತದೆ, ಶುದ್ಧ ಮಣ್ಣಲ್ಲಿ ಅದು ಸಾಮಾನ್ಯವಾಗಿ 1ಕ್ಕಿಂತ ಕಡಿಮೆ. ಒದ್ದೆ ಮಣ್ಣಿಗೆ ಗನ್ ಹಿಡಿದರೆ ಎಲ್ಲ ಅಂಕಿಯೂ ಇಳಿಯುತ್ತದೆ. ಆದರೂ ಗನ್ ಎಸೆಯಬೇಡಿ. ಒಣಗಿಸಿ ಜರಡಿ ಹಿಡಿದ ಮಣ್ಣಿಗೆ ಹಿಡಿದು ಐವತ್ತು ಜಾಗ ಬೇಗ ನೋಡಿ, ಸೀಸ ಹೆಚ್ಚಿರುವ ಐದನ್ನು ಪ್ರಯೋಗಾಲಯಕ್ಕೆ ಕಳಿಸಿ. ಅದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕಿಲ್ಲ.

ಗೋಡೆ ಪಕ್ಕದ ಸೀಸ ಬಹುಶಃ ಬಣ್ಣದ್ದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ ಎನಾಮೆಲ್‌ಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಹೊಸ್ತಿಲು, ತುಳಸಿಕಟ್ಟೆ ಎರಡಕ್ಕೂ ಬಳಿಯುತ್ತಿದ್ದದ್ದು ಅದೇ ಹಳದಿ, ಹಬ್ಬಕ್ಕೆ ಮುಂಚೆ ಉಜ್ಜಿ ಕೆರೆದದ್ದೆಲ್ಲ ಬುಡಕ್ಕೇ ಬೀಳುತ್ತದೆ. ಪ್ರಸಾದಕ್ಕೆ ಎಲೆ ಕೀಳುವ ಕಟ್ಟೆಯ ಮಣ್ಣನ್ನು ಒಂದು ಪ್ರತ್ಯೇಕ ಮಾದರಿಯಾಗಿ ಸೇರಿಸಿ.

ಪ್ರಶ್ನೆ (ಲಿಂಗಸುಗೂರು): ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಲೀಟರಿಗೆ 0.1 ಮಿ.ಗ್ರಾಂ ಬಂದಿದೆ. ಕೈತೋಟ ನಿಲ್ಲಿಸಬೇಕೇ?

ಉತ್ತರ: ಮೊದಲು ಕುಡಿಯುವುದನ್ನು, ಅಡುಗೆಗೆ ಬಳಸುವುದನ್ನು ನಿಲ್ಲಿಸಿ, ಕುಡಿಯುವ ನೀರಿನ ಮಿತಿ 0.01, ನಿಮ್ಮದು ಅದರ ಹತ್ತು ಪಟ್ಟು. ಕಾಯಿಸಿದರೆ ಹೋಗುವುದಿಲ್ಲ. ಹಟ್ಟಿ ಸೀಮೆಯ ಬಂಡೆಗಳಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಖನಿಜವೂ ಇರುವುದರಿಂದ ಕಾರ್ಖಾನೆಯೇ ಇಲ್ಲದ ಊರಲ್ಲೂ ಇದು ಬರಬಹುದು.

ತೋಟಕ್ಕೆ ಲೆಕ್ಕ ಹೀಗೆ. ವರ್ಷಕ್ಕೆ ಚದರ ಮೀಟರಿಗೆ 1000 ಲೀಟರ್ ಹಾಯಿಸಿದರೆ 100 ಮಿ.ಗ್ರಾಂ ಬೀಳುತ್ತದೆ. 15 ಸೆಂ.ಮೀ. ಆಳದ ಮಣ್ಣು ಅಲ್ಲಿ ಸುಮಾರು 195 ಕೆಜಿ. ಎಲ್ಲವೂ ಅಲ್ಲೇ ಉಳಿದರೂ ವರ್ಷಕ್ಕೆ ಏರುವುದು ಕೆಜಿಗೆ ಅರ್ಧ ಮಿ.ಗ್ರಾಂ. ಇದೇ ವರ್ಷ ಗಾಬರಿ ಬೇಡ, ಇಪ್ಪತ್ತು ವರ್ಷ ಹಾಯಿಸಿದ್ದರೆ ಮಣ್ಣು ಪರೀಕ್ಷಿಸಿ. ನೀರನ್ನು ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ ಹನಿಯಾಗಿ ಬಿಡಿ, ಮಳೆನೀರು ಸಿಕ್ಕಷ್ಟು ಬೆರೆಸಿ. ರಂಜಕವಿರುವ ಡಿಎಪಿ ಗೊಬ್ಬರ ಸುರಿಯಬೇಡಿ. ರಂಜಕ ಸೀಸವನ್ನು ಕಟ್ಟಿಹಾಕುತ್ತದೆ ನಿಜ, ಆದರೆ ಮಣ್ಣಿನ ಕಣದ ಮೇಲೆ ಆರ್ಸೆನಿಕ್ ಕೂರುವ ಜಾಗವನ್ನೇ ತಾನು ಹಿಡಿದು ಅದನ್ನು ಹೊರಗೆ ತಳ್ಳುತ್ತದೆ. ಎರೆ ಮಣ್ಣಿನ ಕ್ಷಾರಗುಣವೂ ಹೀಗೆ ಎರಡಲಗಿನದು: ಪಿಎಚ್ 8 ದಾಟಿದಲ್ಲಿ ಸೀಸ, ಕ್ಯಾಡ್ಮಿಯಂ ಕದಲುವುದು ಕಡಿಮೆ, ಆರ್ಸೆನಿಕ್ ಮಾತ್ರ ಸಡಿಲವಾಗುತ್ತದೆ.

ಪ್ರಶ್ನೆ (ಬಳ್ಳಾರಿ): ಜೀನ್ಸ್ ತೊಳೆಯುವ ಘಟಕದ ನೀಲಿ ನೀರು ಹಿತ್ತಲಿಗೆ ನುಗ್ಗಿತ್ತು. ಯಾವ ಲೋಹ ನೋಡಿಸಲಿ?

ಉತ್ತರ: ಲೋಹಕ್ಕಿಂತ ಮೊದಲು ಉಪ್ಪು, ಅದೂ ಮನೆಯಲ್ಲೇ. 20 ಗ್ರಾಂ ಒಣಮಣ್ಣಿಗೆ 50 ಮಿ.ಲೀ. ಡಿಸ್ಟಿಲ್ಡ್ ನೀರು ಹಾಕಿ ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ಮೇಲೆ ಇಸಿ ಪೆನ್ (ಲವಣಾಂಶ ಅಳೆಯುವ ಪುಟ್ಟ ಮೀಟರ್) ಅದ್ದಿ. 1 ಡೆಸಿಸೀಮನ್ಸ್ ಪ್ರತಿ ಮೀಟರ್‌ಗಿಂತ ಕಡಿಮೆಯಿದ್ದರೆ ಸರಿ, 1ರಿಂದ 2 ಇದ್ದರೆ ಬೀಜ ಮೊಳೆಯಲು ತೊಂದರೆ, ಅದರಾಚೆ ಸೊಪ್ಪು ಸೊರಗುತ್ತದೆ. ಪಿಎಚ್ 8.5 ದಾಟಿ, ನೀರು ಇಂಗದೆ ನಿಂತರೆ ಸೋಡಿಯಂ ಸೇರಿದೆ ಎಂದು ತಿಳಿಯಿರಿ. ಆಗ ಬರೀ ನೀರು ಹಾಯಿಸಿದರೆ ಮಣ್ಣು ಇನ್ನೂ ಕೆಡುತ್ತದೆ. ಮೊದಲು ಚದರ ಮೀಟರಿಗೆ ಅರ್ಧ ಕೆಜಿ ಜಿಪ್ಸಂ ಬೆರೆಸಿ, ಆಮೇಲೆ ಸಿಹಿನೀರು ಹಾಯಿಸಿ, ಹೊರಗೆ ಬಸಿಯಲು ದಾರಿ ಮಾಡಿ. ನೀಲಿಗಿಂತ ಕಂದು ಕಲೆ ಕಂಡರೆ ಪರ್ಮಾಂಗನೇಟ್ ನೆನೆಯಿರಿ, ಬಟ್ಟೆ ಮಾಸಲು ಕಾಣಿಸಲು ಅದನ್ನು ಹೊಡೆಯುತ್ತಾರೆ. ಆಗ ಪ್ರಯೋಗಾಲಯಕ್ಕೆ ಕೊಡುವ ಲೋಹದ ಪಟ್ಟಿಗೆ ಅದರಲ್ಲಿರುವ ಮ್ಯಾಂಗನೀಸ್ ಸೇರಿಸಿ.

ಪ್ರಶ್ನೆ (ಸಿಂಧನೂರು): ಆನ್‌ಲೈನಿನಲ್ಲಿ ಸಿಗುವ, ಸೀಸ ಪತ್ತೆಹಚ್ಚುವ ಕಡ್ಡಿ ಮಣ್ಣಿಗೆ ನಡೆಯುತ್ತದೆಯೇ? ಸೂರ್ಯಕಾಂತಿ ಬೆಳೆದರೆ ಸೀಸ ಹೀರಿಕೊಳ್ಳುತ್ತದಂತೆ, ನಿಜವೇ?

ಉತ್ತರ: ಕಡ್ಡಿ ಬಣ್ಣದಲ್ಲಿನ ಸೀಸ ನೋಡಲು ಮಾಡಿದ್ದು, ಮಣ್ಣಿಗೆ ನಡೆಯದು. ಸೂರ್ಯಕಾಂತಿಯ ಮಾತೂ ಅಷ್ಟೇ, ಸೀಸದ ಬಹುಪಾಲು ಬೇರಲ್ಲೇ ನಿಲ್ಲುತ್ತದೆ, ಮೇಲೇರುವುದು ಅತ್ಯಲ್ಪ. ಮಣ್ಣು ಕೆಟ್ಟಿದೆ ಎಂದು ಖಚಿತವಾದರೆ ಅದರ ಮೇಲೆ ದಪ್ಪ ಬಟ್ಟೆ ಹಾಸಿ, 30 ಸೆಂ.ಮೀ. ಎತ್ತರದ ಕಟ್ಟೆ ಮಾಡಿ ಬೇರೆ ಮಣ್ಣು ತುಂಬಿ. ಅದಕ್ಕೆ ನಗರ ಕಾಂಪೋಸ್ಟ್ ಕೊಳ್ಳುವಾಗ ವರದಿ ಕೇಳಿ: ರಸಗೊಬ್ಬರ ನಿಯಂತ್ರಣ ಆದೇಶದಂತೆ ಕೆಜಿಗೆ ಸೀಸ 100 ಮಿ.ಗ್ರಾಂ, ಆರ್ಸೆನಿಕ್ 10, ಕ್ಯಾಡ್ಮಿಯಂ 5 ಮೀರಬಾರದು. ಕಟ್ಟೆ ಕಟ್ಟಲು ಆಗದಿದ್ದರೆ ಮೂಲಂಗಿ, ಮೆಂತ್ಯ, ಪುಂಡಿಪಲ್ಯ ಬಿಟ್ಟು ಬೆಂಡೆ, ಬದನೆ, ಟೊಮೆಟೊ ಹಾಕಿ. ಕಾಯಿಗೆ ಸೀಸ ಏರುವುದು ಕಡಿಮೆ, ಮೇಲಿನ ಧೂಳು ತೊಳೆದರೆ ಹೋಗುತ್ತದೆ.