ಹೊಲಿಗೆಯಿಲ್ಲದ ತೊಗಲಿನ ಡಬ್ಬಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದ ನನ್ನ ತಮ್ಮ ಕುದುರೆ ಲಾಳದ ಆಕಾರದ ಚಿಲ್ಲರೆ ಪರ್ಸೊಂದನ್ನು ತಂದುಕೊಟ್ಟಿದ್ದಾನೆ. ಅದು ತೊಗಲಿನದಾದರೂ ಮರದಷ್ಟು ಗಟ್ಟಿಯಾಗಿದೆ, ಎಷ್ಟು ಹುಡುಕಿದರೂ ಒಂದು ಹೊಲಿಗೆಯೂ ಕಾಣುವುದಿಲ್ಲ. ಇದನ್ನು ಹೇಗೆ ಮಾಡುತ್ತಾರೆ? (ಓದುಗರು, ಮೈಸೂರು)

ಉತ್ತರ: ಫ್ಲಾರೆನ್ಸಿನಲ್ಲಿ ಈ ಪರ್ಸಿಗೆ ‘ಟಾಕ್ಕೊ’ ಎನ್ನುತ್ತಾರೆ. ಆ ಮಾತಿಗೆ ಬೂಟಿನ ಹಿಮ್ಮಡಿ ಎಂದು ಅರ್ಥ; ಆಕಾರ ನೋಡಿ ಇಟ್ಟ ಹೆಸರು ಅದು. ಇದನ್ನೂ, ಇದೇ ಬಗೆಯ ಆಭರಣದ ಡಬ್ಬಿ ಮತ್ತು ಕನ್ನಡಕದ ಪೆಟ್ಟಿಗೆಗಳನ್ನೂ ಅಲ್ಲಿನ ಕುಶಲಕರ್ಮಿಗಳು ಮಾಡುವುದು ಒದ್ದೆ ತೊಗಲನ್ನು ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ, ಅಚ್ಚಿನ ಮೇಲೆಯೇ ಒಣಗಲು ಬಿಡುವ ಪದ್ಧತಿಯಿಂದ. ನೀರು ಕುಡಿದ ತೊಗಲಿನ ಎಳೆಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ನೀರು ಆರಿದಾಗ, ಜಾರಿ ನಿಂತ ಜಾಗದಲ್ಲಿಯೇ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನಿಮ್ಮ ಪರ್ಸಿನ ಗಟ್ಟಿತನಕ್ಕೆ ಮೂಲಕಾರಣ ಇದು.

ಆದರೆ ಎಲ್ಲ ತೊಗಲೂ ಹೀಗೆ ಆಕಾರ ಹಿಡಿಯುವುದಿಲ್ಲ. ಇಂದು ಜಾಕೆಟ್ಟಿಗೂ ಶೂಗಳಿಗೂ ಹೆಚ್ಚಾಗಿ ಬಳಕೆಯಾಗುವುದು ಕ್ರೋಮಿಯಂ ಲವಣದಲ್ಲಿ ಹದಮಾಡಿದ ತೊಗಲು. ಅದನ್ನು ನೆನೆಸಿ ಅಚ್ಚಿಗೆ ಎಳೆದರೂ ಒಣಗಿದ ಮೇಲೆ ಅದು ಬಹುಮಟ್ಟಿಗೆ ಮೊದಲಿನ ಸ್ಥಿತಿಗೇ ಮರಳುತ್ತದೆ. ಅಚ್ಚಿನ ಕೆಲಸಕ್ಕೆ ಮರದ ಒಗರಿನಲ್ಲಿ, ಅಂದರೆ ಟ್ಯಾನಿನ್ನಿನಲ್ಲಿ, ವಾರಗಟ್ಟಲೆ ಹದಗೊಂಡ ತೊಗಲೇ ಬೇಕು. ಫ್ಲಾರೆನ್ಸಿಗೂ ಪೀಸಾಕ್ಕೂ ನಡುವೆ ಆರ್ನೋ ನದಿಯ ದಂಡೆಯಲ್ಲಿರುವ ಸಾಂತಾ ಕ್ರೋಚೆ ಸುಲ್ಲಾರ್ನೋ ಮತ್ತು ಅದರ ಸುತ್ತಲಿನ ಊರುಗಳು ಚೆಸ್ಟ್‌ನಟ್, ಮಿಮೋಸಾ, ಕೆಬ್ರಾಚೊ ಮರಗಳ ಸಾರದಲ್ಲಿ ಹದಮಾಡಿದ ತೊಗಲಿಗೆ ಹೆಸರಾಗಿವೆ. ಫ್ಲಾರೆನ್ಸ್ ನಗರದೊಳಗೇ ‘ಹದಗಾರರ ಬೀದಿ’ ಎಂಬ ಅರ್ಥದ ವಿಯಾ ದೇಯಿ ಕಾಂಚಾತೋರಿ ಇಂದಿಗೂ ಇದೆ. ಅದಕ್ಕೆ ಹತ್ತಿರದ ಸಾಂತಾ ಕ್ರೋಚೆ ಮಠದಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಅನಾಥರಾದ ಮಕ್ಕಳಿಗೆ ಒಂದು ಕಸುಬು ಕಲಿಸಬೇಕೆಂದು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಎರಡು ಚರ್ಮಕುಶಲ ಕುಟುಂಬಗಳೊಡನೆ ಸೇರಿ 1950ರಲ್ಲಿ ತೊಗಲು ಕೆಲಸದ ಶಾಲೆಯನ್ನು ತೆರೆದರು. ಅದು ಈಗಲೂ ನಡೆಯುತ್ತಿದೆ.

ಹೊಲಿಗೆ ಕಾಣದಿರುವುದಕ್ಕೆ ಕಾರಣ, ಅಂಚುಗಳನ್ನು ಸೇರಿಸುವ ರೀತಿ. ಸೇರಬೇಕಾದ ಎರಡು ಅಂಚುಗಳನ್ನೂ ಹರಿತವಾದ ಅಲಗಿನಿಂದ ಓರೆಯಾಗಿ ಹೆರೆದು, ಕಾಗದದಷ್ಟು ತೆಳುವಾಗಿಸಿ, ಒಂದರ ಮೇಲೊಂದನ್ನು ಅಂಟಿಸುತ್ತಾರೆ. ಒಂದು ಪದರ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ ಕೂರಿಸುವುದೂ ಉಂಟು. ಆಮೇಲೆ ಉಜ್ಜುವುದು, ಬಣ್ಣ ಹಾಕುವುದು, ಮತ್ತೆ ಉಜ್ಜುವುದು, ಮೇಣ ತಿಕ್ಕಿ ಹೊಳಪು ಕೊಡುವುದು, ಹೀಗೆ ಕೆಲಸ ದಿನಗಟ್ಟಲೆ ಸಾಗುತ್ತದೆ. ಈ ದಿನಗಳಲ್ಲಿ ಬಹುಪಾಲು ಒಣಗುವುದಕ್ಕಾಗಿ ಕಾಯುವುದರಲ್ಲಿಯೇ ಕಳೆಯುತ್ತದೆ. ಬೆಲೆ ಕೇಳಿ ಹುಬ್ಬೇರಿಸುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಇಂಥ ಕೆಲಸ ಮನೆತನಗಳಲ್ಲಿಯೇ ಉಳಿದುಕೊಂಡು ಬಂದಿರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಒಂದೊಂದು ಆಕಾರಕ್ಕೆ, ಒಂದೊಂದು ಅಳತೆಗೆ ಬೇರೆ ಬೇರೆ ಅಚ್ಚು ಬೇಕು. ತಂದೆ ಕೆತ್ತಿಸಿದ ಅಚ್ಚಿನ ಮೇಲೆ ಮಗಳು ತೊಗಲು ಎಳೆಯುತ್ತಾಳೆ. ಅಚ್ಚನ್ನಾದರೂ ಹಣ ಕೊಟ್ಟು ಮಾಡಿಸಬಹುದು; ತೊಗಲು ಎಷ್ಟು ಒದ್ದೆಯಾಗಿದ್ದಾಗ ಎಳೆಯಬೇಕು ಎಂಬ ಹದ ಮಾತ್ರ ಪಕ್ಕದಲ್ಲಿ ಕುಳಿತವರ ಬೆರಳಿಗೇ ಬರಬೇಕು.

ಪ್ರಶ್ನೆ: ನಮ್ಮಲ್ಲಿರುವ ತೊಗಲಿನ ಕನ್ನಡಕದ ಪೆಟ್ಟಿಗೆಗೆ ಪ್ರತಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ತೆಂಗಿನೆಣ್ಣೆ ಸವರಬಹುದೇ? (ಓದುಗರು, ತೀರ್ಥಹಳ್ಳಿ)

ಉತ್ತರ: ದಯವಿಟ್ಟು ಸವರಬೇಡಿ. ಎಣ್ಣೆ ಹೆಚ್ಚಾದರೆ ಅಚ್ಚಿನ ತೊಗಲು ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಬೂಷ್ಟನ್ನು ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಇಟ್ಟು, ಜೇನುಮೇಣವನ್ನು ತೆಳುವಾಗಿ ತಿಕ್ಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಬದಲು ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಒಲೆಯ ಬಳಿ ಒಣಗಿಸುವುದಂತೂ ಬೇಡವೇ ಬೇಡ. ಒಗರಿನಲ್ಲಿ ಹದಮಾಡಿದ ಒದ್ದೆ ತೊಗಲು ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುರುಟಿಕೊಳ್ಳುತ್ತದೆ, ಒಮ್ಮೆ ಸುರುಟಿದ್ದನ್ನು ಯಾರೂ ಸರಿಪಡಿಸಲಾರರು.

ಪ್ರಶ್ನೆ: ನಮ್ಮದು ಚಪ್ಪಲಿ ಮಾಡುವ ಮನೆತನ. ಅಪ್ಪ ಇಂದಿಗೂ ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ ತೊಗಲನ್ನೇ ತರುತ್ತಾರೆ. ಉಳಿದ ತುಂಡುಗಳಿಂದ ಅಚ್ಚಿನ ಡಬ್ಬಿಗಳನ್ನು ಮಾಡಬಹುದೇ? (ಓದುಗರು, ಅಥಣಿ ತಾಲ್ಲೂಕು)

ಉತ್ತರ: ಖಂಡಿತ ಮಾಡಬಹುದು, ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಆ ಚಪ್ಪಲಿಯ ತೊಗಲೂ ಫ್ಲಾರೆನ್ಸಿನ ಡಬ್ಬಿಯ ತೊಗಲೂ ಒಂದೇ ಬಗೆಯ ಹದದವು, ಮರಗಳ ಹೆಸರು ಮಾತ್ರ ಬೇರೆ. ತೊಗಲನ್ನು ಅಚ್ಚಿಗೆ ಎಳೆಯುವ ಕಲೆಯೂ ನಮ್ಮ ದೇಶಕ್ಕೆ ಹೊಸದಲ್ಲ. ರಾಜಸ್ಥಾನದ ಬಿಕಾನೇರಿನಲ್ಲಿ ಒಂಟೆಯ ತೊಗಲನ್ನು ಮಣ್ಣಿನ ಅಚ್ಚಿನ ಮೇಲೆ ಎಳೆದು ಒಣಗಿಸಿ, ಒಳಗಿನ ಮಣ್ಣನ್ನು ತೆಗೆದು ಕುಪ್ಪಿಗಳನ್ನು ಮಾಡುತ್ತಿದ್ದರು. ಅವುಗಳ ಮೇಲೆ ಚಿನ್ನದ ಚಿತ್ತಾರ ಬರೆಯುವ ಉಸ್ತಾ ಕಲೆಯ ಹಿಸಾಮುದ್ದೀನ್ ಉಸ್ತಾ ಅವರಿಗೆ 1986ರಲ್ಲಿ ಪದ್ಮಶ್ರೀ ಸಂದಿತು.

ಈಗ ಕೆಲಸದ ಮಾತಿಗೆ ಬರೋಣ. ಅಟ್ಟೆಗೆ ಬಳಸುವ ಎಮ್ಮೆಯ ತೊಗಲು ಡಬ್ಬಿಗೆ ತೀರಾ ದಪ್ಪ. ಅಪ್ಪನವರ ರಂಪಿಗೆಯಿಂದ ಒಳಮೈಯನ್ನು ಹೆರೆದು ಸುಮಾರು 2 ಮಿಲಿಮೀಟರಿಗೆ ಇಳಿಸಿಕೊಳ್ಳಿ. ಹೊಟ್ಟೆಯ ಭಾಗದ ತುಂಡು ಒಂದೊಂದು ಕಡೆ ಒಂದೊಂದು ರೀತಿ ಹಿಗ್ಗುತ್ತದೆ, ಬೆನ್ನಿನ ಭಾಗದ್ದನ್ನು ಆರಿಸಿಕೊಳ್ಳುವುದು ಮೇಲು. ಉಗುರುಬೆಚ್ಚಗಿನ ನೀರಿನಲ್ಲಿ, ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಸಿ. ಹೊರತೆಗೆದು, ಮೇಲ್ಮೈಯ ನೀರು ಇಂಗಿ ತೊಗಲಿನ ಮೂಲಬಣ್ಣ ಮರಳಲು ತೊಡಗಿದಾಗ ಅಚ್ಚಿಗೆ ಎಳೆಯಿರಿ. ಅಚ್ಚಿಗೆ ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಂಥ, ನಯವಾಗಿ ಕೆತ್ತಲು ಬರುವ ಮರ ಒಳ್ಳೆಯದು. ಹೊನ್ನೆಯಂತೆ ನೀರಿಗೆ ಬಣ್ಣ ಬಿಡುವ ಮರ ಬೇಡ. ಒಣಗುವಾಗ ತೊಗಲು ಕುಗ್ಗಿ ಅಚ್ಚನ್ನು ಅಪ್ಪಿಹಿಡಿಯುವುದರಿಂದ, ಅಚ್ಚು ತುದಿಯ ಕಡೆಗೆ ತುಸು ಕಿರಿದಾಗುತ್ತ ಹೋಗಬೇಕು. ಇಲ್ಲವಾದರೆ ತೊಗಲು ಸೀಳದೆ ಅದನ್ನು ಹೊರತೆಗೆಯಲಾಗದು.

ಹೊಸಬರು ತಪ್ಪದೆ ಎಡವುವ ಜಾಗವೊಂದಿದೆ. ಅಂಚನ್ನು ಹಿಡಿದಿಡಲು ಕಬ್ಬಿಣದ ಮೊಳೆ ಹೊಡೆದರೆ, ಮಾರನೆಯ ದಿನ ಪ್ರತಿ ಮೊಳೆಯ ಸುತ್ತ ಕಪ್ಪು ಕಲೆ ಎದ್ದಿರುತ್ತದೆ. ಒಗರಿಗೆ ಕಬ್ಬಿಣ ಸೇರಿದರೆ ಮಸಿಯಾಗುತ್ತದೆ; ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದದ್ದು ಇದೇ ಗುಣದಿಂದ. ಆದ್ದರಿಂದ ಹಿತ್ತಾಳೆಯ ಮೊಳೆ ಬಳಸಿ, ಇಲ್ಲವೇ ಹತ್ತಿಯ ದಾರದಿಂದ ಬಿಗಿದು ಕಟ್ಟಿ. ಮೂಲೆಗಳಲ್ಲಿ ಏಳುವ ಸುಕ್ಕನ್ನು ನಯಗೊಳಿಸಿದ ಮೂಳೆಯ ತುಂಡಿನಿಂದ ಒದ್ದೆಯಿರುವಾಗಲೇ ತೀಡಿ ಕೂರಿಸಬೇಕು; ಉಗುರು ತಾಗಿದರೂ ಗುರುತು ಉಳಿಯುತ್ತದೆ.

ಮುಚ್ಚಳಕ್ಕೆ ಬೇರೆ ಅಚ್ಚು ಮಾಡಿಸುವ ಖರ್ಚು ಸದ್ಯಕ್ಕೆ ಬೇಡ. ತಳದ ಭಾಗ ಪೂರ್ತಿ ಒಣಗಿದ ಮೇಲೆ ಅದನ್ನು ಅಚ್ಚಿನಿಂದ ತೆಗೆಯದೆ, ತೇವ ತಾಗದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಅದರ ಮೇಲೆಯೇ ಮುಚ್ಚಳದ ಒದ್ದೆ ತೊಗಲನ್ನು ಎಳೆದು ಕಟ್ಟಿ. ಅದು ಒಣಗಿದ ಮೇಲೆ ಹಾಳೆಯನ್ನು ತೆಗೆದುಹಾಕಿದರೆ, ಹಾಳೆಯಷ್ಟೇ ಸಡಿಲವಿರುವ ಮುಚ್ಚಳ ನಿಮ್ಮ ಕೈಗೆ ಬರುತ್ತದೆ.