ಗಂಡ ಒಪ್ಪದಿದ್ದರೆ ಆಪ್ತಸಲಹೆಗೆ ಒಬ್ಬಳೇ ಹೋಗಬಹುದೇ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಪತಿ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮೆಚ್ಚಿ ಮದುವೆಯಾದವರು ನಾವು. ಹೊಡೆತ, ಬೈಗುಳ ಯಾವುದೂ ಇಲ್ಲ. ಆದರೆ ಕೊಳೆರೋಗದಿಂದ ಫಸಲು ಹೋದ ಮೇಲೆ ಅವರು ಮಾತು ಕಡಿಮೆ ಮಾಡಿದ್ದಾರೆ. ಏನಾದರೂ ಕೇಳಿದರೆ ಎದ್ದು ತೋಟಕ್ಕೆ ಹೋಗುತ್ತಾರೆ. ನಾನೂ ಕೊಂಕು ನುಡಿಯುತ್ತೇನೆ. ಆಪ್ತಸಲಹೆಗಾರರನ್ನು ಕಾಣೋಣವೆಂದರೆ ‘ನಮಗೇನು ಹುಚ್ಚು ಹಿಡಿದಿದೆಯೇ?’ ಎನ್ನುತ್ತಾರೆ. ಶಿವಮೊಗ್ಗದಲ್ಲಿ ಪರಿಚಿತರು ಕಂಡಾರೆಂಬ ಅಂಜಿಕೆ ನನಗೂ ಇದೆ. ಒಬ್ಬಳೇ ಹೋಗಬಹುದೇ? ಅತ್ತೆಗೆ ಹೇಳಬೇಕೇ?

ಉತ್ತರ: ಖಂಡಿತವಾಗಿ ಹೋಗಬಹುದು, ತಡಮಾಡದೆ ಹೋಗಿ. ಸಂಬಂಧ ಮುರಿಯುವ ಹಂತಕ್ಕೆ ಬಂದ ಮೇಲೆ ಕೊನೆಯ ಪ್ರಯತ್ನವೆಂದು ಬರುವವರಿಗಿಂತ, ಇನ್ನೂ ಪ್ರೀತಿ ಉಳಿದಿರುವಾಗ ಬರುವವರಿಗೆ ಆಪ್ತಸಲಹೆ ಹೆಚ್ಚು ನೆರವಾಗುತ್ತದೆ.

‘ನಾನೂ ಕೊಂಕು ನುಡಿಯುತ್ತೇನೆ’ ಎಂದು ನೀವೇ ಬರೆದಿರುವುದು ನನಗೆ ಭರವಸೆ ತಂದಿದೆ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರು ದೂಷಣೆ, ತಿರಸ್ಕಾರ, ಸ್ವಸಮರ್ಥನೆ ಮತ್ತು ಮೌನದ ಗೋಡೆ ಎಂಬ ನಾಲ್ಕು ವರ್ತನೆಗಳು ದಾಂಪತ್ಯವನ್ನು ಹೆಚ್ಚು ಹಾಳುಗೆಡವುತ್ತವೆ ಎಂದು ಗುರುತಿಸಿದರು. ನಿಮ್ಮ ಕೊಂಕಿಗೆ ಪತಿ ಎದ್ದು ಹೋಗುತ್ತಾರೆ, ಅವರು ಎದ್ದು ಹೋದದ್ದಕ್ಕೆ ನಿಮ್ಮ ಕೊಂಕು ಇನ್ನಷ್ಟು ಮೊನಚಾಗುತ್ತದೆ. ಎದೆ ಹೊಡೆದುಕೊಳ್ಳುವಷ್ಟು ಉದ್ವೇಗಗೊಂಡವರಿಗೆ ಎದುರಿನವರ ಮಾತು ತಲೆಗೆ ಹತ್ತುವುದಿಲ್ಲವಾದ್ದರಿಂದ, ಕನಿಷ್ಠ 20 ನಿಮಿಷ ಬಿಡುವು ಪಡೆದು, ಮರಳಿ ಬಂದು ಮಾತು ಮುಂದುವರಿಸಬೇಕೆಂದು ಗಾಟ್‌ಮನ್ ಅವರ ಸಲಹೆ. ಹಾಗಾಗಿ ನಿಮ್ಮ ಪತಿ ತೋಟಕ್ಕೆ ಹೋಗುವುದನ್ನು ನಾನು ಒಡನೆಯೇ ಉದಾಸೀನವೆಂದು ಕರೆಯಲಾರೆ. ಮರಳಿ ಬಂದ ಮೇಲೂ ಆ ಮಾತು ಅಲ್ಲಿಯೇ ಉಳಿಯುವುದು ನಿಜವಾದ ತೊಡಕು. ಈ ವರ್ತುಲವನ್ನು ಒಬ್ಬರು ಬದಲಿಸಿದರೂ ಇನ್ನೊಬ್ಬರ ನಡೆ ಬದಲಾಗುವ ಸಾಧ್ಯತೆ ಇರುವುದರಿಂದಲೇ ಒಬ್ಬರೇ ಹೋದರೂ ವ್ಯರ್ಥವಲ್ಲ.

ಆಪ್ತಸಲಹೆಗಾರರು ತಪ್ಪು ಯಾರದೆಂದು ತೀರ್ಪು ಕೊಡುವ ಪಂಚಾಯ್ತಿದಾರರಲ್ಲ ಎಂಬುದನ್ನು ಪತಿಗೆ ತಿಳಿಸಿ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಇಬ್ಬರ ಮಾತನ್ನೂ ಕೇಳುತ್ತಾರೆ, ಕೆಲವೊಮ್ಮೆ ಬೇರೆಬೇರೆಯಾಗಿಯೂ ಕೇಳುತ್ತಾರೆ, ಮನೆಯಲ್ಲಿ ಅಭ್ಯಾಸ ಮಾಡಬೇಕಾದುದನ್ನು ಹೇಳಿಕೊಡುತ್ತಾರೆ. ‘ನಿಮಗೆ ಚಿಕಿತ್ಸೆ ಬೇಕು’ ಎನ್ನದೆ, ‘ಜಗಳವಿಲ್ಲದೆ ನಿಮ್ಮೊಡನೆ ಮಾತನಾಡುವುದನ್ನು ನಾನು ಕಲಿಯಬೇಕಿದೆ, ಜೊತೆಗೆ ಬನ್ನಿ’ ಎಂದು ಕೇಳಿ. ತೋಟಕ್ಕೆ ಔಷಧಿ ಹೊಡೆಸುವ ಅಥವಾ ಕೊನೆ ಕೊಯ್ಯಿಸುವ ಗಡಿಬಿಡಿಯ ದಿನಗಳಲ್ಲಿ ಈ ಮಾತು ಎತ್ತಬೇಡಿ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿದೆ. ಫಸಲು ಹೋದ ದುಃಖ, ಬಹುಶಃ ಸಾಲದ ಚಿಂತೆ, ಅವರನ್ನು ಒಳಗೊಳಗೇ ಕುಗ್ಗಿಸುತ್ತಿರಬಹುದು. ನಿದ್ರೆ, ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ ಎರಡು ವಾರಗಳಿಗಿಂತ ಹೆಚ್ಚು ಉಳಿದಿದ್ದರೆ ಅದು ಖಿನ್ನತೆಯಾಗಿರಬಹುದು. ಆಗ ಮನೋವೈದ್ಯರನ್ನು ಕಾಣಲೇಬೇಕು. ಬದುಕು ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ.

ಪರಿಚಿತರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಮನೆಯಿಂದಲೇ ಆರಂಭಿಸಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಚಿಕಿತ್ಸೆಯ ವಿವರಗಳ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಖಾಸಗಿಯಾಗಿ ಹೋಗುವಿರಾದರೆ ವಿದ್ಯಾರ್ಹತೆಯನ್ನು ಸಂಕೋಚವಿಲ್ಲದೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮನೆಯಲ್ಲಿ ಹಿಂಸೆ, ಬೆದರಿಕೆ ಇರುವ ಓದುಗರು ಮಾತ್ರ ಜೋಡಿಯಾಗಿ ಸಲಹೆಗೆ ಹೋಗುವ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ.

ಅತ್ತೆಗೆ ಈಗಲೇ ಹೇಳಬೇಕಾಗಿಲ್ಲ. ಪತಿಗೆ ಮಾತ್ರ ಮುಚ್ಚಿಡಬೇಡಿ; ಹೋಗುವ ದಿನವನ್ನು ತಿಳಿಸಿಯೇ ಹೋಗಿ, ಮನಸ್ಸಾದಾಗ ಅವರೂ ಬರಬಹುದೆಂದು ಹೇಳಿಡಿ.