ಮೊಣಕಾಲು ನೋವಿನ ಅಪ್ಪನಿಗೆ ಯಾವ ಸೀಟು?

ಪ್ರಶ್ನೆ: ಅಪ್ಪ-ಅಮ್ಮ ಮೆಲ್ಬರ್ನ್‌ನಲ್ಲಿರುವ ತಮ್ಮನ ಮನೆಗೆ ಹೊರಟಿದ್ದಾರೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು ಬೇರೆ. ಬೆಂಗಳೂರಿನಿಂದ ರಾತ್ರಿ ಸಿಂಗಪುರ್ ಏರ್‌ಲೈನ್ಸ್, ಬೆಳಗ್ಗೆ ಸಿಂಗಪುರ, ಅವತ್ತೇ ರಾತ್ರಿ ಮೆಲ್ಬರ್ನ್ ವಿಮಾನ. ಎಕಾನಮಿ ಸಾಕಾ, ಪ್ರೀಮಿಯಂ ಎಕಾನಮಿ ಮಾಡಿಸಲಾ, ಸಾಲ ಮಾಡಿಯಾದರೂ ಬಿಸಿನೆಸ್ ಕ್ಲಾಸಾ? ನಡುವೆ ಸಿಗುವ ಹಗಲಲ್ಲಿ ಮರೀನಾ ಬೇ ನೋಡಬೇಕು ಅಂತ ಅಮ್ಮನ ಆಸೆ. ಆಗುತ್ತಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಾಲ ಮಾಡಬೇಡಿ. ಬಿಸಿನೆಸ್ ಕ್ಲಾಸಿನಲ್ಲಿ ಕಾಲು ನೀಡಿ ಮಲಗಬಹುದು, ನಿಜ. ಆದರೆ ನಿಮ್ಮವರ ಪ್ರಯಾಣ ಎರಡು ತುಂಡು. ಸಿಂಗಪುರದವರೆಗೆ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿಂದ ಮೆಲ್ಬರ್ನ್‌ಗೆ ಏಳೂವರೆ. ಮೊದಲನೆಯದರಲ್ಲಿ ಊಟ ಕೊಟ್ಟು, ತಟ್ಟೆ ಎತ್ತಿ, ದೀಪ ಆರಿಸುವ ಹೊತ್ತಿಗೆ ನಿದ್ದೆಗೆ ಉಳಿಯುವುದೇ ಸ್ವಲ್ಪ. ಅದಕ್ಕೆ ಎಕಾನಮಿ ಸಾಕು. ದುಡ್ಡು ಹಾಕುವುದಾದರೆ ಎರಡನೆಯದಕ್ಕೆ ಹಾಕಿ, ಪ್ರೀಮಿಯಂ ಎಕಾನಮಿಗೆ. ಟಿಕೆಟ್ ಮಾಡಿಸುವಾಗ ವಿಮಾನದ ಮಾದರಿ ನೋಡಿಕೊಳ್ಳಿ. ಈ ಕಂಪನಿಯ ಬೋಯಿಂಗ್ 787-10ರಲ್ಲಿ ಪ್ರೀಮಿಯಂ ಎಕಾನಮಿ ಇಲ್ಲವೇ ಇಲ್ಲ.

ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಎಕಾನಮಿಯಲ್ಲಿ 32 ಇಂಚು, ಪ್ರೀಮಿಯಂನಲ್ಲಿ 38. ರಾತ್ರಿಯಿಡೀ ಮೊಣಕಾಲು ಮಡಚಿಕೊಂಡೇ ಕೂರುವುದಾ, ಆಗಾಗ ಮುಂದಕ್ಕೆ ಚಾಚುವುದಾ ಅನ್ನುವುದು ಆ 6 ಇಂಚಿನಲ್ಲಿದೆ. ಅದಕ್ಕಿಂತ ಮುಖ್ಯ ನನಗೆ ಕಾಣುವುದು ಸೀಟಿನ ಸಾಲು. ಏರ್‌ಬಸ್ ಎ350ರ ಎಕಾನಮಿಯಲ್ಲಿ ಮೂರು-ಮೂರು-ಮೂರು, ಅಂದರೆ ಇವರಿಬ್ಬರ ಪಕ್ಕ ಮೂರನೆಯವರೊಬ್ಬರು ಇದ್ದೇ ಇರುತ್ತಾರೆ. ಪ್ರೀಮಿಯಂನಲ್ಲಿ ಎರಡು-ನಾಲ್ಕು-ಎರಡು. ಬದಿಯ ಎರಡು ಸೀಟು ಹಿಡಿಯಿರಿ: ಅಮ್ಮ ಕಿಟಕಿಗೆ, ಅಪ್ಪ ಓಡಾಡುವ ದಾರಿಯ ಕಡೆಗೆ. ರಾತ್ರಿ ಎಷ್ಟು ಸಲ ಎದ್ದರೂ ಅಪ್ಪ ಯಾರನ್ನೂ ಎಬ್ಬಿಸಬೇಕಿಲ್ಲ. ಒಂದು ಕೊರತೆ ಇದೆ. ಊಟದ ಟ್ರೇ ಆರ್ಮ್‌ರೆಸ್ಟ್ ಒಳಗೇ ಇರುವುದರಿಂದ ಆರ್ಮ್‌ರೆಸ್ಟನ್ನು ಮೇಲೆತ್ತಲು ಬರುವುದಿಲ್ಲ. ಎಕ್ಸಿಟ್ ಬಾಗಿಲ ಪಕ್ಕ ಜಾಗ ಜಾಸ್ತಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತುರ್ತಿನಲ್ಲಿ ಬಾಗಿಲು ತೆರೆಯಬಲ್ಲವರಿಗೆ ಮಾತ್ರ ಆ ಸೀಟು.

ಎ350, 787ಗಳಲ್ಲಿ ಇನ್ನೊಂದು ಅನುಕೂಲ ಇದೆ. ಒಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದಲ್ಲಿ ಇರುವಷ್ಟಿರುತ್ತದೆ, ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಕೆಳಗೆ. ಹಳೆಯ ಮಾದರಿಗಳಲ್ಲಿ ಇದು 8,000 ಅಡಿಯವರೆಗೂ ಹೋಗುತ್ತದೆ, ಅಂದರೆ ಊಟಿ ಪೇಟೆಗಿಂತಲೂ ಮೇಲೆ. ಎತ್ತರ ಕಡಿಮೆಯಾದಷ್ಟೂ ಉಸಿರಾಟ ಸಲೀಸು, ವಯಸ್ಸಾದವರ ವಿಷಯದಲ್ಲಿ ಇದನ್ನು ಸುಮ್ನೆ ಬಿಡಬೇಡಿ.

ಇನ್ನು ಅಮ್ಮನ ಆಸೆ. ಆಗುತ್ತೆ! ಭಾರತದ ಪಾಸ್‌ಪೋರ್ಟಿಗೆ ಸಿಂಗಪುರ ವೀಸಾ ಬೇಕು. ಆದರೆ ಆಸ್ಟ್ರೇಲಿಯಾದಂಥ ಕೆಲವು ದೇಶಗಳ ವೀಸಾ ಇದ್ದು ಮುಂದಿನ ಟಿಕೆಟ್ ಕೈಯಲ್ಲಿದ್ದರೆ 96 ಗಂಟೆಯವರೆಗೆ ವೀಸಾ ಇಲ್ಲದೆ ಹೊರಗೆ ಬಿಡುವ ಸೌಲಭ್ಯವಿದೆ. ಷರತ್ತುಗಳಿವೆ, ಕೊನೆಯ ಮಾತು ಅಲ್ಲಿನ ಅಧಿಕಾರಿಯದು, ಹಾಗಾಗಿ ಹೊರಡುವ ಮುಂಚೆ ಅವರ ವಲಸೆ ಇಲಾಖೆಯ ವೆಬ್‌ಸೈಟ್ ನೋಡಿ. ಸಿಂಗಪುರದೊಳಗೆ ಹೋಗುವವರು ಕೊಡಬೇಕಾದ ವಿವರದ ಫಾರಂ, ಎಸ್‌ಜಿ ಅರೈವಲ್ ಕಾರ್ಡ್, ಅದನ್ನೂ ಅಲ್ಲೇ ತುಂಬಬೇಕು, ಅದು ಉಚಿತ.

ಇಳಿದ ಕೂಡಲೇ ಓಡಬೇಡಿ. ಅಲ್ಲಿ ವರ್ಷವಿಡೀ ಬೆಳಕು ಹರಿಯುವುದೇ ಏಳರ ಸುಮಾರಿಗೆ. ಮುಖ ತೊಳೆದು ಕಾಫಿ ಕುಡಿದು, ಟ್ಯಾಕ್ಸಿಯಲ್ಲಿ ಮರೀನಾ ಬೇ ಕೊಲ್ಲಿಯ ದಡದ ಮರ್‌ಲಯನ್ ಪ್ರತಿಮೆ ಹತ್ತಿರ ಇಳಿಯಲಿ. ಸಿಂಹದ ತಲೆ, ಮೀನಿನ ಮೈ, ಎಂಟೂವರೆ ಮೀಟರಿಗೂ ಸ್ವಲ್ಪ ಎತ್ತರ, ಬಾಯಿಂದ ಕೊಲ್ಲಿಗೆ ನೀರು ಚಿಮ್ಮುತ್ತದೆ. ಕೊಲ್ಲಿ ಸುತ್ತಿನ ನಡೆದಾರಿ ಮೂರೂವರೆ ಕಿಲೋಮೀಟರು, ಅಪ್ಪ ಅಷ್ಟು ನಡೆಯುವುದು ಬೇಡ. ಜುಬಿಲಿ ಸೇತುವೆ ದಾಟಿ ಎಸ್ಪ್ಲನೇಡ್ ರಂಗಮಂದಿರದ ಕಡೆ ಕುಳಿತರೆ ಎದುರಿಗೇ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಮೂರು ಗೋಪುರ. ನದಿಯಲ್ಲಿ ಸುತ್ತಾಡಿಸುವ ದೋಣಿ ಹತ್ತಿದರೆ ಇನ್ನೂ ಚೆನ್ನ. ಅಣೆಕಟ್ಟುಗಳ ಜಿಲ್ಲೆಯವರು ನೀವು, ಇದನ್ನು ಅಪ್ಪನಿಗೆ ಹೇಳಿ: ಆ ಕೊಲ್ಲಿಯಲ್ಲಿ ಈಗ ಇರುವುದು ಉಪ್ಪು ನೀರಲ್ಲ. 2008ರಲ್ಲಿ ಬಾಯಿಗೆ ಅಡ್ಡಗಟ್ಟೆ ಹಾಕಿ ಸಮುದ್ರವನ್ನು ತಡೆದರು, ಮಳೆ ನೀರು ಉಪ್ಪನ್ನು ತೊಳೆದುಕೊಂಡು ಹೋಯಿತು, ಈಗ ಅದು ಕುಡಿಯುವ ನೀರಿನ ಜಲಾಶಯ.

ಹತ್ತೂವರೆ ಹನ್ನೊಂದಕ್ಕೆ ಸೆಕೆ ಏರುತ್ತದೆ, ಮಲೆನಾಡಿನವರಿಗೆ ಅದು ತಡೆಯುವುದಿಲ್ಲ. ಲಿಟಲ್ ಇಂಡಿಯಾದಲ್ಲಿ ಸಸ್ಯಾಹಾರಿ ಊಟ ಮುಗಿಸಿ ಚಾಂಗಿ ವಿಮಾನ ನಿಲ್ದಾಣಕ್ಕೆ ವಾಪಸ್ ಬಂದುಬಿಡಲಿ. ನಿಲ್ದಾಣದೊಳಗೇ ಗಂಟೆ ಲೆಕ್ಕದ ರೂಮು ಸಿಗುತ್ತದೆ. ಬಿಸಿನೆಸ್ ಕ್ಲಾಸಿಗೆ ಹಾಕಬೇಕೆಂದಿದ್ದ ದುಡ್ಡಲ್ಲಿ ಚೂರು ತೆಗೆದು ಅದಕ್ಕೆ ಕೊಡಿ. ನೆಟ್ಟಗೆ ಮಲಗಿ ಕಾಲು ಚಾಚುವುದು ಅಪ್ಪನಿಗೆ ಅಲ್ಲೇ ಆಗುತ್ತಲ್ವಾ?

ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನ ಸಿಕ್ಕರೆ ಒಳ್ಳೆಯದು, ಸೀದಾ ದೇವನಹಳ್ಳಿಯಲ್ಲೇ ಇಳಿಯುತ್ತಾರೆ. ಮಳೆಗಾಲವಾದರೆ ಮಾತ್ರ ಹಿಂದಿನ ದಿನವೇ ಹೊರಡಿಸಿ. ವೀಲ್‌ಚೇರು, ಸಸ್ಯಾಹಾರ ಎರಡನ್ನೂ ಮೊದಲೇ ಹೇಳಿಡಿ. ಎಲೆಅಡಿಕೆ ಚೀಲ ಮನೆಯಲ್ಲೇ ಇರಲಿ. ಜಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ. ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಏನೇ ತಿನ್ನುವ ಪದಾರ್ಥ ಒಯ್ದರೂ ಮೆಲ್ಬರ್ನ್‌ನಲ್ಲಿ ಇಳಿದಾಗ ಕೊಡುವ ವಿವರದಲ್ಲಿ ಬರೆಯಲೇಬೇಕು. ಬರೆಯದೆ ಸಿಕ್ಕಿಬಿದ್ದರೆ ದಂಡ ಜೋರು.